ಶಾಲೆಯ ದುಡ್ಡಿನ ಲೆಕ್ಕ ಗೋಡೆಯ ಮೇಲೆ ಬರಲಿ

ಅಂಗಡಿಯಿಂದ ಬಂದ ದಿನಸಿ ಚೀಟಿಯನ್ನು ಓದದೆ ಹಾಗೇ ಮಡಿಸಿ ಡಬ್ಬಿಗೆ ಹಾಕುವ ಗೃಹಿಣಿ ನಮ್ಮಲ್ಲಿ ಯಾರಾದರೂ ಇದ್ದಾರೆಯೆ? ತೊಗರಿಬೇಳೆ ಎಷ್ಟು ಕಿಲೋ, ಕಡಲೆಕಾಯಿ ಎಣ್ಣೆಗೆ ಎಷ್ಟು ಹಾಕಿದ್ದಾನೆ, ಹೋದ ತಿಂಗಳ ಬಾಕಿಯನ್ನು ಎರಡು ಸಲ ಸೇರಿಸಿಲ್ಲ ತಾನೆ ಎಂದು ಬೆರಳಿಟ್ಟು ನೋಡಿದ ಮೇಲೆಯೇ ನಾವು ದುಡ್ಡು ಕೊಡುವುದು. ಡೈರಿಗೆ ಹಾಲು ಹಾಕುವ ಮನೆಯಾದರೆ ಎಷ್ಟು ಲೀಟರು, ಫ್ಯಾಟು ಎಷ್ಟು ಬಂತು ಎಂಬುದು ಬಾಯಿಪಾಠ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ದ ಯಜಮಾನರು ಹೊಸಿಲು ದಾಟುವ ಮೊದಲೇ, "ಕಿಲೋ ಏನು ರೇಟಿಗೆ ಹೋಯ್ತು?" ಅಂತ ಕೇಳಿಬಿಟ್ಟಿರುತ್ತೇವೆ. ಸ್ತ್ರೀಶಕ್ತಿ ಸಂಘದ ಪುಸ್ತಕದಲ್ಲಿ ಹತ್ತು ರೂಪಾಯಿ ಹೆಚ್ಚುಕಡಿಮೆಯಾದರೂ ಆ ವಾರದ ಸಭೆ ಮುಗಿಯುವುದಿಲ್ಲ.

ಇಷ್ಟು ಚುರುಕಾದ ನಮ್ಮನ್ನು ಯಾರಾದರೂ, "ನಿಮ್ಮ ಮಗು ಓದುವ ಶಾಲೆಗೆ ವರ್ಷಕ್ಕೆ ಎಷ್ಟು ಹಣ ಬರುತ್ತದೆ? ಅದು ಯಾವುದಕ್ಕೆ ಖರ್ಚಾಯಿತು?" ಎಂದು ಕೇಳಿದರೆ ಏನು ಹೇಳುತ್ತೇವೆ? ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ. ಪೆರೇಸಂದ್ರದಂಥ ನಮ್ಮ ಊರುಗಳಲ್ಲಿ ಮಗುವಿನ ಅಂಕಪಟ್ಟಿಯನ್ನು ನಾಲ್ಕು ಸಲ ತಿರುಗಿಸಿ ನೋಡುವ ತಾಯಂದಿರು ಬೇಕಾದಷ್ಟಿದ್ದಾರೆ. ಶಾಲೆಯ ಜಮಾಖರ್ಚನ್ನು ಒಮ್ಮೆಯಾದರೂ ನೋಡಿದವರು ತೀರ ಕಡಿಮೆ. ಈ ಸಲ ಆ ವಿಷಯವನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ. ಇದರಲ್ಲಿ ನಮಗೆ ಅರ್ಥವಾಗದಂಥ ಕಷ್ಟದ ಸಂಗತಿ ಒಂದೂ ಇಲ್ಲ.

ಯಾರ ದುಡ್ಡು?

"ಸರ್ಕಾರಿ ಶಾಲೆ, ಸರ್ಕಾರದ ದುಡ್ಡು, ನಮಗೇನು?" ಎಂದು ಕೆಲವರು ಹೇಳುವುದುಂಟು. ಸರ್ಕಾರಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ನಾವು ಕೊಳ್ಳುವ ಸಾಬೂನು, ಟೂತ್‌ಪೇಸ್ಟು, ಹೊಸ ಕುಕ್ಕರು ಎಲ್ಲದರ ಬೆಲೆಯೊಳಗೆ ತೆರಿಗೆ ಕೂತಿದೆ. ಬೆಳಗ್ಗೆ ಎದ್ದು ಹಲ್ಲುಜ್ಜುವ ಹೊತ್ತಿಗೇ ನಾವು ಸರ್ಕಾರಕ್ಕೆ ದುಡ್ಡು ಕೊಟ್ಟಾಗಿರುತ್ತದೆ.

೨೦೨೨ರ ಅಕ್ಟೋಬರಿನ ಒಂದು ಪ್ರಸಂಗ ನಿಮಗೆ ನೆನಪಿರಬಹುದು. ಸರ್ಕಾರಿ ಶಾಲೆಗಳ ಸಣ್ಣಪುಟ್ಟ ಖರ್ಚಿಗಾಗಿ ಪೋಷಕರಿಂದ ತಿಂಗಳಿಗೆ ೧೦೦ ರೂಪಾಯಿ ದೇಣಿಗೆ ಪಡೆಯಬಹುದು ಎಂದು ನಮ್ಮ ರಾಜ್ಯದ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಇದು ಕಡ್ಡಾಯವಲ್ಲ, ಮನಸ್ಸಿದ್ದವರು ಕೊಡಲಿ ಎಂದೇ ಅದರಲ್ಲಿತ್ತು. ಆದರೂ ರಾಜ್ಯದಲ್ಲೆಲ್ಲ ವಿರೋಧ ಎದ್ದಿತು. ಉಚಿತ ಶಿಕ್ಷಣ ಕೊಡಬೇಕಾದ ಸರ್ಕಾರವೇ ಕೂಲಿ ಮಾಡುವವರ ಮುಂದೆ ಕೈ ಚಾಚುವುದೆ ಎಂದು ಜನ ಕೇಳಿದರು. ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು. ನನಗೆ ಅನ್ನಿಸಿದ್ದು ಇಷ್ಟು: ನೂರು ರೂಪಾಯಿ ಕೊಡಬೇಕೆ ಬೇಡವೆ ಎಂಬ ಮಾತಿಗೆ ಮೊದಲು, ಈಗ ಬರುತ್ತಿರುವುದೆಷ್ಟು, ಕೊರತೆ ಎಷ್ಟು ಎಂಬುದು ಪ್ರತಿ ಊರಿನ ತಾಯಂದಿರಿಗೂ ಗೊತ್ತಿರಬೇಕಾಗಿತ್ತು. ಮನೆಯಲ್ಲಾದರೂ ಅಷ್ಟೆ, ಸಂಬಳ ಎಷ್ಟು ಬಂತು ಎಂದು ಹೇಳದೆ "ಸಾಲ ಮಾಡೋಣ" ಎಂದರೆ ಯಾರು ಒಪ್ಪುತ್ತಾರೆ?

ಸಮಿತಿಯಲ್ಲಿ ಅರ್ಧ ನಾವೇ ಇದ್ದೇವೆ

ನಮ್ಮ ರಾಜ್ಯದಲ್ಲಿ ಅಣುವಿಜ್ಞಾನಿ ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಕಾರ್ಯಪಡೆಯೊಂದನ್ನು ನೇಮಿಸಿದ್ದರು. ಅದರ ಸಲಹೆಯ ಮೇಲೆ ೨೦೦೧ರ ಏಪ್ರಿಲ್ ೨೮ರಂದು ಸರ್ಕಾರ ಒಂದು ಆದೇಶ ಮಾಡಿತು. ಪ್ರತಿ ಸರ್ಕಾರಿ ಶಾಲೆಗೂ ತಂದೆತಾಯಿಗಳೇ ಆರಿಸಿದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರಬೇಕು ಎಂದು. ನಾವೆಲ್ಲ ಎಸ್.ಡಿ.ಎಂ.ಸಿ. ಎಂದು ಕರೆಯುವುದು ಇದನ್ನೇ.

ಆಮೇಲೆ ೨೦೧೦ರ ಏಪ್ರಿಲ್ ೧ರಿಂದ ದೇಶದಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂತು. ಅದರ ೨೧ನೇ ಕಲಮನ್ನು ನೀವು ಮರೆಯಬಾರದು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಮಕ್ಕಳ ತಂದೆತಾಯಿ ಅಥವಾ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು ಎನ್ನುತ್ತದೆ ಅದು. ಶಾಲೆ ನಡೆಯುವ ರೀತಿಯನ್ನು ನೋಡಿಕೊಳ್ಳುವುದು, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಹೇಗೆ ಖರ್ಚಾಗುತ್ತಿದೆ ಎಂದು ನಿಗಾ ಇಡುವುದು ಸಮಿತಿಯ ಕೆಲಸ. ಲೆಕ್ಕ ನೋಡುವುದು ಯಾರೋ ನಮಗೆ ಮಾಡುವ ಉಪಕಾರವಲ್ಲ, ಕಾಯ್ದೆಯೇ ನಮಗೆ ಒಪ್ಪಿಸಿದ ಹೊಣೆ.

ಕಾಗದದ ಮೇಲೆ ಇದೆಲ್ಲ ಚೆನ್ನಾಗಿದೆ. ನಡೆಯುವುದು ಹೇಗೆ? ನನಗೆ ಗೊತ್ತಿರುವ ಒಬ್ಬ ತಾಯಿಯ ಸಂಗತಿ ಹೇಳುತ್ತೇನೆ. ಹೆಸರೂ ಊರೂ ಬೇಡ. ಆಕೆ ತನ್ನೂರಿನ ಶಾಲೆಯ ಸಮಿತಿಗೆ ಸದಸ್ಯೆ. ತಿಂಗಳಿಗೊಮ್ಮೆ ಯಾವುದಾದರೂ ಹುಡುಗನ ಕೈಯಲ್ಲಿ ನಡಾವಳಿ ಪುಸ್ತಕ ಮನೆಗೇ ಬರುತ್ತಿತ್ತು. "ಅಮ್ಮಾ, ಇಲ್ಲೊಂದು ಸೈನ್ ಹಾಕ್ಬೇಕಂತೆ." ಹಿಟ್ಟು ಮೆತ್ತಿದ ಕೈ ಒರೆಸಿಕೊಂಡು ಆಕೆ ಹಾಕಿಕೊಡುತ್ತಿದ್ದಳು. ಆಕೆಯ ದೊಡ್ಡ ಮಗಳು ಏಳನೇ ತರಗತಿ. ಪ್ರತಿ ತಿಂಗಳೂ ಮೂರು ನಾಲ್ಕು ದಿನ ಶಾಲೆಗೆ ಹೋಗುತ್ತಿರಲಿಲ್ಲ. ಯಾಕೆಂದರೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಪೈಪು ಇರಲಿಲ್ಲ, ಬೀಗ ಹಾಕಿಯೇ ಇರುತ್ತಿತ್ತು. ಹುಡುಗಿ ಬಾಯಿಬಿಟ್ಟು ಹೇಳಿಕೊಳ್ಳಲಾರಳು, ಪಾಠ ಹಿಂದೆ ಬೀಳುತ್ತಿತ್ತು.

ಒಂದು ದಿನ ಆಕೆ ಪುಸ್ತಕವನ್ನು ಇಟ್ಟುಕೊಂಡು, "ನಾಳೆ ನಾನೇ ತಂದು ಕೊಡ್ತೀನಿ ಅಂತ ಹೇಳಪ್ಪ" ಎಂದು ಹುಡುಗನನ್ನು ಕಳಿಸಿದಳು. ರಾತ್ರಿ ಮಗಳ ಕೈಲಿ ಓದಿಸಿದಳು. ಆ ವರ್ಷದ ಹಣದಲ್ಲಿ ಬಹುಪಾಲು ಗೋಡೆಗೆ ಬಣ್ಣಕ್ಕೂ ಪ್ಲಾಸ್ಟಿಕ್ ಕುರ್ಚಿಗೂ ಹೋಗಿತ್ತು. ಮರುದಿನ ಶಾಲೆಗೆ ಹೋಗಿ ಕೇಳಿದಳು, "ಮೇಷ್ಟ್ರೇ, ಪೈಪಿಗೆ ಯಾಕೆ ಹಾಕ್ಲಿಲ್ಲ?" ಮೇಷ್ಟರು ಸಿಟ್ಟು ಮಾಡಿಕೊಳ್ಳಲಿಲ್ಲ. ಬಿಲ್ಲುಗಳ ಕಟ್ಟು ತೆಗೆದು ಮುಂದಿಟ್ಟರು. "ದುಡ್ಡು ಬಂದಿದ್ದೇ ಫೆಬ್ರವರಿ ಕೊನೇಲಿ ಕಣಮ್ಮ. ಮಾರ್ಚ್ ಒಳಗೆ ಖರ್ಚು ಮಾಡದಿದ್ರೆ ವಾಪಸ್ ಹೋಗುತ್ತೆ. ತಕ್ಷಣ ಬಿಲ್ಲು ಕೊಡೋ ಅಂಗಡಿ ಬಣ್ಣದ್ದೇ ಸಿಕ್ತು" ಎಂದರು.

ಇಲ್ಲಿ ಯಾರೂ ಕದ್ದಿರಲಿಲ್ಲ. ಆದರೂ ಮಕ್ಕಳಿಗೆ ಬೇಕಾದದ್ದು ಆಗಿರಲಿಲ್ಲ. ಮುಂದಿನ ಜುಲೈ ಸಭೆಯಲ್ಲಿ, ದುಡ್ಡು ಬರುವುದಕ್ಕೆ ಮೊದಲೇ, "ಮೊದಲ ಕೆಲಸ ಶೌಚಾಲಯದ ನೀರು" ಎಂದು ಆ ತಾಯಂದಿರು ನಡಾವಳಿಯಲ್ಲಿ ಬರೆಸಿದರು. ಪಂಚಾಯಿತಿಯವರ ಹತ್ತಿರ ಹೋಗಿ ನಲ್ಲಿ ಸಂಪರ್ಕ ಕೇಳಿದರು. ಆ ವರ್ಷ ಬೀಗ ತೆಗೆಯಿತು. ಲೆಕ್ಕ ಬರೆಯಲೆಂದು ವರಾಂಡದಲ್ಲಿ ಒಂದು ಕರಿಹಲಗೆಯನ್ನೂ ಬಿಟ್ಟುಕೊಟ್ಟರು. ಕೆಲವು ತಿಂಗಳು ಅದು ಬರೆಯದೆ ಖಾಲಿ ಇರುತ್ತದಂತೆ. ಆಗ ಯಾರಾದರೂ ಒಬ್ಬರು ಹೋಗಿ ಜ್ಞಾಪಿಸಬೇಕು.

ಎಷ್ಟು ಬರುತ್ತದೆ?

ಸಂಬಳ, ಕಟ್ಟಡ, ಪಠ್ಯಪುಸ್ತಕಗಳ ಲೆಕ್ಕ ಬೇರೆ, ಅವು ಮೇಲಿನಿಂದಲೇ ನಡೆಯುತ್ತವೆ. ಶಾಲೆಯ ಮಟ್ಟದಲ್ಲಿ ನಾವು ನೋಡಬೇಕಾದ ಮುಖ್ಯ ಮೊತ್ತ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ. ಇದನ್ನು ಮಕ್ಕಳ ಸಂಖ್ಯೆಯ ಮೇಲೆ ನಿಗದಿ ಮಾಡಿದ್ದಾರೆ:

೩೦ ಮಕ್ಕಳವರೆಗೆ — ವರ್ಷಕ್ಕೆ ೧೦,೦೦೦ ರೂ.
೩೧ರಿಂದ ೧೦೦ — ೨೫,೦೦೦ ರೂ.
೧೦೧ರಿಂದ ೨೫೦ — ೫೦,೦೦೦ ರೂ.
೨೫೧ರಿಂದ ೧,೦೦೦ — ೭೫,೦೦೦ ರೂ.
ಸಾವಿರಕ್ಕೂ ಮೇಲ್ಪಟ್ಟರೆ — ೧,೦೦,೦೦೦ ರೂ.

ಇದರಲ್ಲಿ ಕನಿಷ್ಠ ನೂರಕ್ಕೆ ಹತ್ತು ಪಾಲು ಸ್ವಚ್ಛತೆಗೆ ಮೀಸಲು. ಇದಲ್ಲದೆ ಆಟದ ಸಾಮಾನಿಗೆಂದು ಪ್ರಾಥಮಿಕ ಶಾಲೆಗೆ ೫,೦೦೦, ಹಿರಿಯ ಪ್ರಾಥಮಿಕಕ್ಕೆ ೧೦,೦೦೦, ಪ್ರೌಢಶಾಲೆಗೆ ೨೫,೦೦೦ ರೂಪಾಯಿವರೆಗೆ ಬೇರೆ ಇದೆ. ಇವು ನಿಯಮದ ಮೊತ್ತಗಳು. ಈ ವರ್ಷ ನಿಮ್ಮ ಶಾಲೆಗೆ ಪೂರ್ತಿ ಬಂತೆ, ಅರ್ಧ ಬಂತೆ, ಯಾವ ತಿಂಗಳಲ್ಲಿ ಬಂತು ಎಂಬುದೇ ನೀವು ಕೇಳಬೇಕಾದ ಮೊದಲ ಪ್ರಶ್ನೆ.

ಈಗ ಮನೆಲೆಕ್ಕದ ಹಾಗೆ ಒಂದು ಲೆಕ್ಕ ಹಾಕಿ ನೋಡಿ. ೮೦ ಮಕ್ಕಳ ಶಾಲೆಗೆ ೨೫,೦೦೦ ರೂಪಾಯಿ ಬಂದರೆ ಒಂದು ಮಗುವಿಗೆ ವರ್ಷಕ್ಕೆ ೩೧೨ ರೂಪಾಯಿ ೫೦ ಪೈಸೆ. ಶಾಲೆ ನಡೆಯುವ ದಿನ ೨೨೦ ಎಂದಿಟ್ಟುಕೊಂಡರೆ ದಿನಕ್ಕೆ ಒಂದೂವರೆ ರೂಪಾಯಿಯೂ ಆಗಲಿಲ್ಲ. ಸೀಮೆಸುಣ್ಣ, ರಿಜಿಸ್ಟರು, ಮುರಿದ ಕಿಟಕಿ, ಫಿನಾಯಿಲು ಎಲ್ಲವೂ ಅದರಲ್ಲೇ. ಸ್ವಚ್ಛತೆಯ ಪಾಲು ೨,೫೦೦ ರೂಪಾಯಿ. ಇಷ್ಟು ಕಡಿಮೆ ದುಡ್ಡಿರುವಾಗಲೇ ಹೆಚ್ಚು ಜೋಪಾನ ಬೇಕು. ಐದು ಸಾವಿರ ತಪ್ಪು ಕಡೆ ಹೋದರೆ ಆ ವರ್ಷದಲ್ಲಿ ಐದನೇ ಒಂದು ಪಾಲೇ ಹೋದಂತೆ.

ಇನ್ನೊಂದು ಲಾಭವೂ ಇದೆ. ಲೆಕ್ಕ ಗೊತ್ತಿದ್ದವರು ಮಾತ್ರ, "ಇದು ಸಾಲದು, ಇನ್ನಷ್ಟು ಕೊಡಿ" ಎಂದು ಇಲಾಖೆಯನ್ನೂ ಶಾಸಕರನ್ನೂ ಗಟ್ಟಿಯಾಗಿ ಕೇಳಬಲ್ಲರು.

ಬಿಸಿಯೂಟದ ಲೆಕ್ಕ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಮ್ಮ ರಾಜ್ಯದಲ್ಲಿ ೨೦೦೨ರಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟಕ್ಕೆ ದೇಶದ ನಿಯಮವೇ ಒಂದು ಅಳತೆ ಇಟ್ಟಿದೆ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ ಧಾನ್ಯ ೧೦೦ ಗ್ರಾಂ, ಬೇಳೆ ೨೦ ಗ್ರಾಂ, ತರಕಾರಿ ೫೦ ಗ್ರಾಂ, ಎಣ್ಣೆ ೫ ಗ್ರಾಂ. ಆರರಿಂದ ಎಂಟನೇ ತರಗತಿಗೆ ೧೫೦, ೩೦, ೭೫ ಮತ್ತು ೭.೫ ಗ್ರಾಂ. ಆ ದಿನ ಚಿಕ್ಕ ತರಗತಿಯ ೬೦ ಮಕ್ಕಳು ಬಂದಿದ್ದರೆ ೬ ಕಿಲೋ ಅಕ್ಕಿ, ೧ ಕಿಲೋ ೨೦೦ ಗ್ರಾಂ ಬೇಳೆ, ೩ ಕಿಲೋ ತರಕಾರಿ, ೩೦೦ ಗ್ರಾಂ ಎಣ್ಣೆ ಪಾತ್ರೆಗೆ ಬಿದ್ದಿರಬೇಕು. ಸಾರಿನ ಗಟ್ಟಿ ನೋಡಿದರೇ ಬೇಳೆ ಎಷ್ಟು ಬಿದ್ದಿದೆ ಎಂದು ಹೇಳಬಲ್ಲ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ!

ಬಂದ ಧಾನ್ಯ ಎಷ್ಟು, ಬಳಸಿದ್ದೆಷ್ಟು, ಬೇರೆ ಯಾವ ಸಾಮಾನು ಕೊಂಡರು, ಎಷ್ಟು ಮಕ್ಕಳು ಉಂಡರು, ಅಡುಗೆ ಏನು ಎಂಬುದನ್ನು ಎಲ್ಲರಿಗೂ ಕಾಣುವಂತೆ ಶಾಲೆಯಲ್ಲಿ ಬರೆದು ಹಾಕಬೇಕು ಎಂದು ಬಿಸಿಯೂಟದ ಮಾರ್ಗಸೂಚಿಯಲ್ಲೇ ಇದೆ.

ಮೊಟ್ಟೆಯ ವಿಷಯ ತೆಗೆದುಕೊಳ್ಳಿ. ಮೊದಲು ಸರ್ಕಾರ ವಾರದಲ್ಲಿ ಎರಡು ದಿನ ಮೊಟ್ಟೆ ಕೊಡುತ್ತಿತ್ತು. ೨೦೨೪ರ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ಅದು ಆರು ದಿನಕ್ಕೆ ಏರಿತು. ಆಗ ಒಂದು ಮೊಟ್ಟೆಗೆ ಇಟ್ಟಿದ್ದು ೬ ರೂಪಾಯಿ. ಅದರಲ್ಲಿ ಕೊಳ್ಳುವುದಕ್ಕೆ ೫ ರೂಪಾಯಿ ೨೦ ಪೈಸೆ, ಬೇಯಿಸುವ ಉರುವಲಿಗೆ ೫೦ ಪೈಸೆ, ಸಿಪ್ಪೆ ಬಿಡಿಸುವುದಕ್ಕೆ ೩೦ ಪೈಸೆ. ಅಂಗಡಿಯ ಮೊಟ್ಟೆ ಆ ಬೆಲೆ ದಾಟಿದ ದಿನ ಏನಾಗುತ್ತದೆ? ಉಳಿದದ್ದನ್ನು ಮುಖ್ಯೋಪಾಧ್ಯಾಯರು ತಮ್ಮ ಕೈಯಿಂದ ಹಾಕಬೇಕು, ಇಲ್ಲವೆ ಮೊಟ್ಟೆ ಕಡಿಮೆಯಾಗಬೇಕು. ಲೆಕ್ಕ ಗೋಡೆಯ ಮೇಲಿದ್ದರೆ ಮೇಷ್ಟರ ಕಷ್ಟ ಊರಿಗೆ ತಿಳಿಯುತ್ತದೆ. ಇಲ್ಲದಿದ್ದರೆ, "ಮೇಷ್ಟ್ರು ಮೊಟ್ಟೇಲೂ ಹೊಡ್ಕೋತಾರೆ" ಎಂಬ ಮಾತು ಹುಟ್ಟಿ ಕ್ರಾಸಿನ ಹೋಟೆಲಿನವರೆಗೂ ಹೋಗುತ್ತದೆ. ತೆರೆದಿಟ್ಟ ಲೆಕ್ಕ ಪ್ರಾಮಾಣಿಕರಿಗೆ ರಕ್ಷಣೆ.

ಬರೆದು ಹಾಕಿದ ಮಾತ್ರಕ್ಕೆ ಏನಾಗುತ್ತದೆ?

ಈ ಪ್ರಶ್ನೆ ಸಹಜ. ಉತ್ತರ ಆಫ್ರಿಕಾದ ಉಗಾಂಡ ದೇಶದಿಂದ ಬಂದಿದೆ. ಅಲ್ಲಿಯ ಪ್ರಾಥಮಿಕ ಶಾಲೆಗಳಿಗೆ ಮಕ್ಕಳ ತಲೆಗಿಷ್ಟು ಎಂದು ಸರ್ಕಾರ ಹಣ ಕಳಿಸುತ್ತಿತ್ತು. ೧೯೯೧ರಿಂದ ೧೯೯೫ರವರೆಗಿನ ಲೆಕ್ಕವನ್ನು ತನಿಖೆ ಮಾಡಿ ನೋಡಿದರೆ ಸರಾಸರಿ ನೂರಕ್ಕೆ ೧೩ ಪಾಲು ಮಾತ್ರ ಶಾಲೆ ತಲುಪಿತ್ತು! ಉಳಿದದ್ದು ದಾರಿಯಲ್ಲೇ ಕರಗಿತ್ತು. ಆಮೇಲೆ ಅಲ್ಲಿನ ಸರ್ಕಾರ ಯಾವ ಜಿಲ್ಲೆಗೆ ಎಷ್ಟು ಕಳಿಸಿದೆ ಎಂಬುದನ್ನು ವೃತ್ತಪತ್ರಿಕೆಗಳಲ್ಲಿ ಅಚ್ಚು ಹಾಕಿಸಿತು. ಬಂದದ್ದೆಷ್ಟು ಎಂದು ಶಾಲೆಗಳೂ ಬಾಗಿಲಲ್ಲಿ ಬರೆದು ಅಂಟಿಸಬೇಕೆಂದು ಮಾಡಿತು. ೨೦೦೧ರ ಹೊತ್ತಿಗೆ ನೂರಕ್ಕೆ ೮೦ಕ್ಕೂ ಹೆಚ್ಚು ಪಾಲು ಶಾಲೆ ತಲುಪುತ್ತಿತ್ತು. ಬೇರೆ ಸುಧಾರಣೆಗಳೂ ಆ ಕಾಲದಲ್ಲಿ ನಡೆದವು ನಿಜ. ಆದರೆ ಎಷ್ಟು ಬರಬೇಕು ಎಂದು ತಂದೆತಾಯಿಗಳಿಗೂ ಮೇಷ್ಟರಿಗೂ ತಿಳಿದದ್ದರ ಪಾಲು ಸಣ್ಣದಲ್ಲ.

ನಮ್ಮ ದೇಶದಲ್ಲೂ ಇದೆ. ರಾಜಸ್ಥಾನದ ಹಳ್ಳಿಗಳಲ್ಲಿ ಅರುಣಾ ರಾಯ್ ಮತ್ತು ಸಂಗಡಿಗರು ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ೧೯೯೪ರಿಂದ ಊರ ಜನರ ಮುಂದೆ ಕಾಮಗಾರಿಯ ಬಿಲ್ಲುಗಳನ್ನು ಗಟ್ಟಿಯಾಗಿ ಓದಿಸಿತು. "ನಮ್ಮ ದುಡ್ಡು, ನಮ್ಮ ಲೆಕ್ಕ" ಎಂಬುದು ಅವರ ಘೋಷಣೆ. ಕೂಲಿ ಹೆಂಗಸರು ಎದ್ದು ನಿಂತು, "ಈ ಪಟ್ಟಿಯಲ್ಲಿ ನನ್ನ ಹೆಸರಿದೆ, ನನಗೆ ಕೂಲಿ ಬಂದಿಲ್ಲ" ಎಂದರು. ಅಂಥ ಹೋರಾಟಗಳಿಂದಲೇ ೨೦೦೫ರ ಮಾಹಿತಿ ಹಕ್ಕು ಕಾಯ್ದೆ ಬಂದದ್ದು. ಕರ್ನಾಟಕವಂತೂ ೨೦೦೦ದಲ್ಲೇ ತನ್ನದೇ ಕಾಯ್ದೆ ಮಾಡಿತ್ತು.

ಇನ್ನೂ ಹತ್ತಿರಕ್ಕೆ ಬನ್ನಿ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ, ಆಗಸ್ಟ್–ಸೆಪ್ಟೆಂಬರಿನಲ್ಲಿ, ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಓದಬೇಕು. ಪಂಚಾಯಿತಿ ಓದುವುದಾದರೆ ಶಾಲೆಯೂ ಯಾಕೆ ಓದಬಾರದು? ಆಗಸ್ಟ್ ೧೫ರಂದು ಧ್ವಜ ಹಾರಿಸಿ ಮಿಠಾಯಿ ಹಂಚಿದ ಮೇಲೆ ಹತ್ತು ನಿಮಿಷ ಶಾಲೆಯ ಜಮಾಖರ್ಚು ಓದಿದರೆ ಅದೂ ದೇಶಸೇವೆಯೇ.

ಖಾಸಗಿ ಶಾಲೆಗೆ ಕಳಿಸುವವರಿಗೆ

ಬೆಳಗ್ಗೆ ಪೆರೇಸಂದ್ರ ಕ್ರಾಸಿನಲ್ಲಿ ನಿಂತರೆ ಶಾಲಾ ವ್ಯಾನುಗಳ ಸಾಲೇ ಕಾಣುತ್ತದೆ. ಅನುದಾನರಹಿತ ಖಾಸಗಿ ಶಾಲೆಗೆ ೨೧ನೇ ಕಲಮಿನ ಸಮಿತಿ ಅನ್ವಯಿಸುವುದಿಲ್ಲ. ಹಾಗೆಂದು ನೀವು ಬಾಯಿ ಮುಚ್ಚಿ ಕೂರಬೇಕಾಗಿಲ್ಲ. ಶಾಲೆ ಪ್ರಕಟಿಸಿದ ಶುಲ್ಕ ಬಿಟ್ಟು ಬೇರೆ ಯಾವ ದೇಣಿಗೆ, ವಂತಿಗೆ ಕೇಳಿದರೂ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅದು ಕ್ಯಾಪಿಟೇಷನ್. ೧೩ನೇ ಕಲಮು ಅದನ್ನು ನಿಷೇಧಿಸಿದೆ, ವಸೂಲಿ ಮಾಡಿದ್ದರ ಹತ್ತರಷ್ಟು ದಂಡ ಹಾಕಬಹುದು ಎನ್ನುತ್ತದೆ. ಕರ್ನಾಟಕದಲ್ಲಿ ೧೯೮೪ರಿಂದಲೇ ಕ್ಯಾಪಿಟೇಷನ್ ನಿಷೇಧ ಕಾಯ್ದೆ ಇದೆ. ಆದ್ದರಿಂದ ಸೇರಿಸುವ ದಿನವೇ ಶುಲ್ಕದ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ. ಕೊಟ್ಟ ಪ್ರತಿ ಪೈಸೆಗೂ ರಸೀದಿ ಪಡೆಯಿರಿ. "ಇದಕ್ಕೆ ರಸೀದಿ ಇಲ್ಲ" ಎಂದರೆ ಅಲ್ಲೇ ಸಂದೇಹಪಡಿ. ಆ ಶಾಲೆ ಇಲಾಖೆಗೆ ಸಲ್ಲಿಸಿದ ಕಾಗದಗಳನ್ನು ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿ.ಇ.ಓ. ಕಚೇರಿಯಿಂದ ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಸಭೆಗೆ ಹೋಗುವಾಗ ನೆನಪಿರಲಿ

ಇವನ್ನು ಕತ್ತರಿಸಿ ಸೆರಗಿನ ಗಂಟಿನಲ್ಲಿಟ್ಟುಕೊಂಡರೂ ಆದೀತು.

೧. ಈ ವರ್ಷ ಯಾವ ಯಾವ ಅನುದಾನ, ಎಷ್ಟೆಷ್ಟು, ಯಾವ ದಿನ ಬಂತು?
೨. ಹೋದ ವರ್ಷದ ಉಳಿಕೆ ಎಷ್ಟು?
೩. ಖರ್ಚಿನ ಬಿಲ್ಲು, ವೋಚರುಗಳು ಎಲ್ಲಿವೆ? ಒಮ್ಮೆ ನೋಡಬಹುದೆ?
೪. ಕೊಂಡ ಸಾಮಾನು ದಾಸ್ತಾನು ಪುಸ್ತಕದಲ್ಲಿ ಏರಿದೆಯೆ? ಅದು ಕಣ್ಣಿಗೆ ಕಾಣುತ್ತಿದೆಯೆ?
೫. ಸ್ವಚ್ಛತೆಯ ಹತ್ತನೇ ಪಾಲು ಯಾವುದಕ್ಕೆ ಹೋಯಿತು? ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿದೆಯೆ?
೬. ದಾನಿಗಳು, ಹಳೇ ವಿದ್ಯಾರ್ಥಿಗಳು ಕೊಟ್ಟದ್ದಕ್ಕೆ ರಸೀದಿ ಹರಿದಿದ್ದಾರೆಯೆ?
೭. ಮುಂದಿನ ವರ್ಷಕ್ಕೆ ಮೊದಲ ಮೂರು ಕೆಲಸ ಯಾವುವು?

ಒಬ್ಬರೇ ಹೋಗಬೇಡಿ, ಮೂರು ನಾಲ್ಕು ಜನ ಜೊತೆಯಾಗಿ ಹೋಗಿ. ಜಗಳದ ದನಿ ಬೇಡ. "ಟೀಚರಮ್ಮ, ನಮಗೂ ಸ್ವಲ್ಪ ತಿಳಿಸಿಕೊಡಿ" ಎಂದರೆ ಹೆಚ್ಚಿನವರು ಖಂಡಿತ ತಿಳಿಸುತ್ತಾರೆ. ಓದಿಸಿ ಕೇಳದೆ ಮಾತ್ರ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ. ಮನೆಗೆ ಪುಸ್ತಕ ಬಂದರೆ, "ಸಭೆಯಲ್ಲೇ ಹಾಕ್ತೀನಿ" ಎನ್ನಿ.

ಎಷ್ಟು ಕೇಳಿದರೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ. ಬಿ.ಇ.ಓ. ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಒಂದು ಕಾಗದ. ಕನ್ನಡದಲ್ಲೇ ಬರೆಯಿರಿ. ಒಂದು ಅರ್ಜಿಗೆ ಒಂದೇ ವಿಷಯ, ೧೫೦ ಪದಗಳೊಳಗೆ ಇರಲಿ. ಜೊತೆಗೆ ೧೦ ರೂಪಾಯಿಯ ಪೋಸ್ಟಲ್ ಆರ್ಡರು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ಯಾಕೆ ಬೇಕು ಎಂದು ನೀವು ಕಾರಣ ಹೇಳಬೇಕಾಗಿಲ್ಲ. ೩೦ ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮೇಲಿನ ಅಧಿಕಾರಿಗೆ ೩೦ ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ೯೦ ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಊರಲ್ಲಿ ಇನ್ನೊಬ್ಬರ ಮುಖ ನೋಡಿ ಬಾಳಬೇಕಾದ ನಮಗೆ ಇದು ಕೊನೆಯ ದಾರಿಯಾಗಿರಲಿ. ಆದರೆ ಅಂಥ ದಾರಿ ಇದೆ ಎಂಬುದು ಗೊತ್ತಿರಲಿ.

ಸೋದರಿಯರೇ, ಗೋಡೆಯ ಮೇಲೆ ನಾಲ್ಕು ಸಾಲು ಬರೆಯುವುದಕ್ಕೆ ದುಡ್ಡೇನೂ ಬೇಡ. ಬಂದದ್ದು ಇಷ್ಟು, ಖರ್ಚು ಇಷ್ಟು, ಯಾವುದಕ್ಕೆ, ಉಳಿದದ್ದು ಇಷ್ಟು. ಒಂದು ಹಳೇ ಕರಿಹಲಗೆ, ಒಂದು ತುಂಡು ಸೀಮೆಸುಣ್ಣ ಸಾಕು. ಮಕ್ಕಳೂ ಅದನ್ನು ಓದುತ್ತಾರೆ, ಕೂಡಿ ಕಳೆದು ನೋಡುತ್ತಾರೆ. ಮುಂದಿನ ಸಲ ಶಾಲೆಯ ಕಡೆ ಹೋದಾಗ ಅಂಥ ಹಲಗೆ ನಿಮ್ಮ ಶಾಲೆಯಲ್ಲಿ ಇದೆಯೇ ಎಂದು ಒಮ್ಮೆ ಕಣ್ಣಾಡಿಸಿ. ಇಲ್ಲದಿದ್ದರೆ, ಯಾಕಿಲ್ಲ ಎಂದು ವಿಚಾರಿಸಿ.